ಕೌದಿಯ ಉಡಿ

ಸಿದ್ದಕ್ಕ ಸಿಟ್ಟು ಬಂದರೆ ಕೂಗಾಡುವವಳಲ್ಲ, ಸೂಜಿಗೆ ದಾರ ಪೋಣಿಸುತ್ತಾಳೆ. ಮಾದನಾಯಕನಹಳ್ಳಿಯ ಗೋದಾಮುಗಳ ಹಿಂದೆ ಇರುವ ಆಂಜಿನಪ್ಪನವರ ವಠಾರದಲ್ಲಿ ಇದು ಎಲ್ಲರಿಗೂ ಗೊತ್ತು. ಆ ಮಂಗಳವಾರ ಬೆಳಿಗ್ಗೆ ಆಕೆ ಒಂದರ ಹಿಂದೊಂದು ಹನ್ನೊಂದು ಸೂಜಿಗೆ ದಾರ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿದಾಗ, ಪಕ್ಕದ ಮನೆಯ ಶಿವಗಂಗಾ ಮಾತಾಡಿಸುವ ಧೈರ್ಯವಾಗದೆ ಬಾಗಿಲಿನಿಂದಲೇ ಹಿಂದಿರುಗಿದಳು.

ಸಿಟ್ಟು ಬರದೆ ಏನು ಮಾಡೀತು, ನೀವೇ ಹೇಳಿ. ಹುನಗುಂದದ ಕಡೆಯಿಂದ ಬಂದು ಹದಿನಾಲ್ಕು ವರ್ಷ ಇದೇ ತುಮಕೂರು ರಸ್ತೆಯ ಆಚೀಚೆ ಏಳುವ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳು ಆಕೆ. ಮೂರು ವರ್ಷದ ಹಿಂದೆ ಸೊಂಟ ಹಿಡಿದು ಮೂಲೆ ಸೇರಿದಾಗ, ಕೈ ಸುಮ್ಮನಿರದೆ ಹಳೆಯ ಸೀರೆಗಳ ತುಂಡು ಕೂಡಿಸಿ ಕೌದಿ ಹೊಲಿಯತೊಡಗಿದಳು. ಅದನ್ನು ನೋಡಿದ ಆಂಜಿನಪ್ಪನವರ ಸೊಸೆ ಮೇಘಾ ಫೋಟೋ ತೆಗೆದು, ಮಾರುವ ಆ್ಯಪ್ ಒಂದರಲ್ಲಿ ಅಂಗಡಿ ತೆರೆದೇಬಿಟ್ಟಳು. ಹೊಲಿಗೆ ಸಿದ್ದಕ್ಕನದು, ಫೋಟೋ, ಪ್ಯಾಕಿಂಗು, ಬರವಣಿಗೆ ಮೇಘಾಳದು. ಈಗ ಶಿವಗಂಗಾ, ಲಕ್ಷ್ಮವ್ವ ಇಬ್ಬರೂ ಇಟ್ಟಿಗೆ ಬಿಟ್ಟು ಸೂಜಿ ಹಿಡಿದಿದ್ದಾರೆ. ಅಂಗಡಿಯ ಹೆಸರಿನ ಪಕ್ಕ ‘ಕೈಹೊಲಿಗೆ’ ಎಂಬ ಹಸಿರು ಗುರುತಿದೆ. ಸಿದ್ದಕ್ಕನಿಗೆ ಓದು ಬರುವುದಿಲ್ಲ, ಆದರೆ ಫೋನು ಕೈಗೆ ಕೊಟ್ಟರೆ ಆ ಗುರುತಿನ ಮೇಲೆ ಸರಿಯಾಗಿ ಬೆರಳಿಡುತ್ತಾಳೆ.

ಆ ಬೆಳಿಗ್ಗೆ ಮೇಘಾ ಓದಿ ಹೇಳಿದ್ದು ಇಷ್ಟು. ಎಲೆಕ್ಟ್ರಾನಿಕ್ ಸಿಟಿಯ ಪರಮಾನಂದ ಎಂಬ ಗಿರಾಕಿ ತರಿಸಿಕೊಂಡಿದ್ದ ದೊಡ್ಡ ಕೌದಿ ಮಷೀನಿನಲ್ಲಿ ಹೊಲಿದದ್ದಂತೆ. ಕೈಹೊಲಿಗೆ ಎಂದು ಹೇಳಿ ಮೋಸ ಮಾಡಿದ್ದಾರಂತೆ. ಆತ ಮಾಲು ವಾಪಸು ಕಳಿಸಿದ್ದಾನೆ, ಕಂಪನಿ ಅವನ ಹಣವನ್ನು ಆಗಲೇ ತಿರುಗಿ ಕೊಟ್ಟಾಗಿದೆ.

‘‘ನಾ ಮಷೀನಿನ್ಯಾಗ ಹೊಲದೀನಂತ?’’ ಎಂದಳು ಸಿದ್ದಕ್ಕ. ಆಮೇಲೆ ಸೂಜಿ ತೆಗೆದುಕೊಂಡಳು.

ಆ ಕೌದಿಗೆ ಹಿಡಿದದ್ದು ನಲವತ್ತೊಂದು ದಿನ. ಕೈಬೆರಳಿನ ತುದಿ ಸಿಪ್ಪೆ ಎದ್ದು, ಊಟ ಮಾಡುವಾಗ ಖಾರ ತಾಗಿ ಉರಿಯುತ್ತಿತ್ತು. ಆ ಪರಮಾನಂದನೋ, ಕೊಳ್ಳುವ ಮುಂಚೆ ಬೆಣ್ಣೆಯಂಥ ಮಾತಾಡಿದ್ದ. ‘ಅಮ್ಮನವರ ಕೈಗುಣಕ್ಕೆ ನಮಸ್ಕಾರ’ ಎಂದು ಅವನು ಬರೆದದ್ದನ್ನು ಮೇಘಾ ಓದಿ ಹೇಳಿದಾಗ ಸಿದ್ದಕ್ಕ ನಾಚಿಕೊಂಡು ಸೆರಗು ಸರಿಮಾಡಿಕೊಂಡಿದ್ದಳು. ಈಗ ಅದನ್ನು ನೆನೆದರೆ ಆಕೆಗೆ ತನ್ನ ಮೇಲೆಯೇ ರೇಗುತ್ತಿತ್ತು.

ಮಧ್ಯಾಹ್ನ ವಾಪಸು ಪಾರ್ಸಲ್ ಬಂತು. ಮೇಘಾ ಜಾಣೆ, ಸೀಲು ಒಡೆಯುವ ಮೊದಲೇ ಫೋನನ್ನು ಅಕ್ಕಿಡಬ್ಬಿಗೆ ಒರಗಿಸಿ ವಿಡಿಯೋ ಹಚ್ಚಿದಳು. ಒಳಗಿನಿಂದ ಬಂದದ್ದು ಕೆಂಪು, ಹಸಿರು ಚೌಕಗಳ ಒಂದು ಹೊದಿಕೆ. ದೂರದಿಂದ ನೋಡಿದರೆ ಕೌದಿಯೇ. ಸಿದ್ದಕ್ಕ ಅದನ್ನು ಕಣ್ಣಿನಿಂದ ನೋಡಲೇ ಇಲ್ಲ. ಕೆಳಗಿನ ಎಡಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಒತ್ತಿದಳು.

‘‘ಇದು ನಂದಲ್ಲ,’’ ಎಂದಳು. ‘‘ಇದರ ಉಡಿ ಬರಿದೈತಿ.’’

ಉಡಿಯ ಸಂಗತಿ ಸ್ವಲ್ಪ ಹೇಳಬೇಕು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬರಿ ಉಡಿಯಲ್ಲಿ ಕಳಿಸುತ್ತಾರೆಯೇ? ಅಕ್ಕಿಯೋ ಕೊಬ್ಬರಿಯೋ ಹಾಕಿ ಉಡಿ ತುಂಬಿ ತಾನೇ ಕಳಿಸುವುದು. ಸಿದ್ದಕ್ಕನ ತವರಿನಲ್ಲಿ ಕೌದಿಗೂ ಅದೇ ಮರ್ಯಾದೆ. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಬೂದಿಯಲ್ಲಿ ಹೊರಳಿಸಿ ಒಣಗಿಸಿದ ಐದು ಕಾಳು ಬಿಳಿಜೋಳವನ್ನು ಕೆಂಪು ಚಿಂದಿಯಲ್ಲಿ ಗಂಟು ಕಟ್ಟಿ ಒಳಗಿಟ್ಟು ಹೊಲಿಯುತ್ತಾರೆ. ಹೊದ್ದುಕೊಂಡವರ ಮನೆಯಲ್ಲಿ ಕಾಳಿಗೆ ಬರ ಬರದಿರಲಿ ಎಂಬ ಹಾರೈಕೆ ಅದು. ತುಂಬಿದ ಉಡಿಯನ್ನು ಬಿಚ್ಚಿ ಊರಿಗೆಲ್ಲ ತೋರಿಸಬಾರದು. ಹಾಗೆಯೇ ಮೂಲೆ ಮುಚ್ಚಿದ ಕೌದಿಯನ್ನು ಮಡಚಿಟ್ಟರೆ ಮುಗಿಯಿತು, ಅದನ್ನು ಮತ್ತೆ ಹರವುವುದು ಹೊದೆಯುವವರ ಕೈ.

ಎಡವಟ್ಟಾದದ್ದು ಅಲ್ಲೇ. ಕಳಿಸುವ ಮಾಲಿನ ಒಂದೊಂದು ಮೂಲೆಯನ್ನೂ ಬಿಡಿಸಿ ವಿಡಿಯೋ ಮಾಡಿಟ್ಟುಕೊಳ್ಳಬೇಕು ಎಂದು ಮೇಘಾ ಎಷ್ಟು ಬಾರಿ ಗೋಗರೆದಿದ್ದಳೋ ಲೆಕ್ಕವಿಲ್ಲ. ಸಿದ್ದಕ್ಕ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. ಹೀಗಾಗಿ ಆ ಕೌದಿಯ ವಿಡಿಯೋದಲ್ಲಿ ಕಾಣುವುದು ಕೆಂಪು, ಹಸಿರಿನ ಒಂದು ಮಡಿಕೆ, ಮೇಲೊಂದು ಪ್ಲಾಸ್ಟಿಕ್ ಕವರು. ವಾಪಸು ಬಂದ ಹೊದಿಕೆಯನ್ನು ಮಡಚಿಟ್ಟರೂ ಹಾಗೆಯೇ ಕಾಣುತ್ತಿತ್ತು. ಅಂಗಡಿಯ ಫೋಟೋದಲ್ಲಿದ್ದದ್ದು ಮಾದರಿಗೆ ತೋರಿಸಿದ ಬೇರೊಂದು ಕೌದಿ; ಒಂದರ ಹಾಗೆ ಇನ್ನೊಂದು ಇರುವುದಿಲ್ಲವಾದ್ದರಿಂದ ಅದೂ ಸಾಕ್ಷಿಗೆ ಬರುವಂತಿರಲಿಲ್ಲ.

ಮೇಘಾ ಹಣೆ ಒತ್ತಿಕೊಂಡಳು. ‘‘ಅಕ್ಕಾ, ಕೇಳಿಸ್ಕೊಳ್ಳಿ. ಎರಡೇ ದಾರಿ ಇರೋದು. ತಪ್ಪಾಯ್ತು ಅಂತ ಒಪ್ಕೊಂಡ್ರೆ ಅಂಗಡಿ ಉಳಿಯತ್ತೆ. ಕೈಹೊಲಿಗೆ ಅನ್ನೋ ಹಸಿರು ಗುರುತು ಮಾತ್ರ ತೆಗೀತಾರೆ. ಇಲ್ಲ, ನಾವು ಜಗಳಕ್ಕೆ ನಿಂತು ಸಾಬೀತು ಮಾಡೋಕಾಗ್ದೆ ಹೋದ್ರೆ, ಅಂಗಡಿನೇ ಪರ್ಮನೆಂಟಾಗಿ ಬಂದ್. ಸುಮ್ನೆ ಸಾರಿ ಅಂತ ಬರೆದ್ಬಿಡ್ಲಾ?’’

‘‘ಗುರುತು ಹೋದ್ರ ಏನಂತ ಮಾರ್ತಿ?’’

‘‘ಬರೀ ಹೊದಿಕೆ ಅಂತ ಮಾರೋಣ. ಜನ ತಗೋತಾರೆ ಬಿಡಿ.’’

ಬಾಗಿಲಲ್ಲಿ ಶಿವಗಂಗಾ, ಲಕ್ಷ್ಮವ್ವ ಬಂದು ನಿಂತಿದ್ದರು. ಅಂಗಡಿ ಮುಚ್ಚಿದರೆ ಮೂವರೂ ಮತ್ತೆ ಇಟ್ಟಿಗೆ ಹೊರಲು ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳಬೇಕಾಗುತ್ತದೆ ಎಂಬುದು ಸಿದ್ದಕ್ಕನಿಗೂ ಗೊತ್ತಿತ್ತು. ತನ್ನ ಹಟವನ್ನು ಅವರಿಬ್ಬರ ಮೇಲೆ ಹೇರಲು ಆಕೆಗೆ ಮನಸ್ಸಾಗಲಿಲ್ಲ. ಹಾಗಾಗಿ ಅವರ ಕಡೆ ತಿರುಗಿ ಕೇಳಿದಳು. ‘‘ಏನ್ರಬೇ, ಮಷೀನಿನ್ಯಾಗ ಹೊಲದೇವಿ, ತಪ್ಪಾತು ಅಂತ ಬರಸೂಣೇನು?’’

ಲಕ್ಷ್ಮವ್ವನಿಗೆ ಅರವತ್ತು ದಾಟಿದೆ, ಮಾತು ಕಡಿಮೆ. ಆಕೆ ತನ್ನ ಎರಡೂ ಕೈಯನ್ನು ಮುಂದೆ ಚಾಚಿ, ಸೂಜಿ ಚುಚ್ಚಿ ಗಟ್ಟಿಯಾದ ಬೆರಳುಗಳನ್ನು ತಾನೇ ನೋಡಿಕೊಂಡಳು. ‘‘ಹಂಗ ಬರದ್ರ ಈ ಕೈಗೆ ಏನು ಹೇಳ್ಲಿ ನಾ?’’ ಎಂದಳು.

ಅಲ್ಲಿಗೆ ತೀರ್ಮಾನವಾಯಿತು. ಮೇಘಾ ಉಗುರು ಕಚ್ಚುತ್ತಲೇ ‘ಒಪ್ಪುವುದಿಲ್ಲ’ ಎಂಬ ಜಾಗವನ್ನು ಒತ್ತಿದಳು.

ಗುರುವಾರ ಮಧ್ಯಾಹ್ನ ಮೂರಕ್ಕೆ ಕಂಪನಿಯಿಂದ ವಿಡಿಯೋ ಕಾಲ್ ಬಂತು. ವಿಶ್ವನಾಥ್ ಎಂಬ ಅಧಿಕಾರಿ. ಮಾರುವವರ ತಕರಾರು ಕೇಳುವುದೇ ಅವನ ಕೆಲಸ. ದಿನಕ್ಕೆ ನಲವತ್ತು ಅಳು ಕೇಳಿ ಕೇಳಿ ಅವನ ಮುಖ ಬಾಡಿತ್ತು. ಸಿದ್ದಕ್ಕ ಮದುವೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ನೆಟ್ಟಗೆ ಕೂತಿದ್ದಳು.

‘‘ಮೇಡಂ, ನಿಮ್ಮ ಪ್ಯಾಕಿಂಗ್ ವಿಡಿಯೋ ನೋಡಿದೆ. ಅದ್ರಲ್ಲಿ ಏನೂ ಕಾಣಲ್ಲ,’’ ಎಂದ ಅವನು.

‘‘ಅದು ನನ್ನ ತಪ್ಪು ಸಾಹೇಬ್ರ, ಒಪ್ಕೋತೀನಿ. ಇದನ್ನ ನೋಡ್ರಿ,’’ ಎಂದು ಸಿದ್ದಕ್ಕ ಉಡಿಯ ವಿಷಯ ಹೇಳಿ, ವಾಪಸು ಬಂದ ಹೊದಿಕೆಯ ನಾಲ್ಕು ಮೂಲೆಗಳನ್ನೂ ಅವನ ಕಣ್ಣೆದುರೇ ಒಂದೊಂದಾಗಿ ಕತ್ತರಿಸಿದಳು. ನಾಲ್ಕರಲ್ಲೂ ಬಂದದ್ದು ಬಿಳಿ ಸ್ಪಂಜಿನ ಪುಡಿ.

ವಿಶ್ವನಾಥ್ ತಲೆಯಾಡಿಸಿದ. ‘‘ಸರಿ ಮೇಡಂ, ಇದ್ರಲ್ಲಿ ಜೋಳ ಇಲ್ಲ. ಆದ್ರೆ ನೀವು ಕಳಿಸಿದ್ರಲ್ಲಿ ಇತ್ತು ಅನ್ನೋಕೆ ಏನಿದೆ? ಈ ಜೋಳದ ಕಥೆ ನೀವು ನಿನ್ನೆ ಕಟ್ಟಿದ್ದಲ್ಲ ಅಂತ ನಾನು ಹೆಂಗೆ ನಂಬ್ಲಿ? ತಪ್ಪು ತಿಳ್ಕೋಬೇಡಿ, ದಿನಾ ಇಂಥವು ನೂರು ಕೇಳ್ತೀನಿ.’’

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ಆದರೆ ಈ ಹುಣ್ಣು, ಅಂದರೆ ಅಸಲಿ ಕೌದಿ, ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಹತ್ತನೇ ಮಹಡಿಯಲ್ಲಿತ್ತಲ್ಲ. ಬಾಗಿಲ ಹಿಂದೆ ಶಿವಗಂಗಾ ಯಾವ ದೇವರಿಗೋ ಕಾಯಿ ಹರಕೆ ಹೊತ್ತದ್ದು ಇಲ್ಲಿಗೆ ಕೇಳಿಸುತ್ತಿತ್ತು.

ಆಗ ಸಿದ್ದಕ್ಕ ಹೇಳಿದಳು. ‘‘ಸಾಹೇಬ್ರ, ಹೋದ ವರ್ಷ ಒಬ್ಬಾಕಿ ನಮ್ಮ ಅಂಗಡಿಗೆ ಬಾಯಿತುಂಬ ಬೈದು ಬರದಾಳ. ಆಕಿ ಬರದದ್ದನ್ನ ಓದ್ರಿ.’’

ಮೇಘಾ ಅವಳ ತೊಡೆಯನ್ನು ಜೋರಾಗಿ ಚಿವುಟಿದಳು. ಆ ಬೈಗುಳದ ಸುದ್ದಿ ಎತ್ತಬಾರದೆಂದು ವಠಾರದಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ಸಿಂಗಸಂದ್ರದ ಭುವನೇಶ್ವರಿ ಎಂಬಾಕೆ ಕೌದಿಯ ಮೂಲೆಯಲ್ಲಿ ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತೆಂದು ಹೊಲಿಗೆ ಬಿಚ್ಚಿ, ಕೆಂಪು ಗಂಟು ನೋಡಿ ಹೌಹಾರಿ, ‘ಇದರೊಳಗೆ ಮಾಟ ಮಾಡಿ ಕಳಿಸಿದ್ದಾರೆ, ಯಾರೂ ಕೊಳ್ಳಬೇಡಿ’ ಎಂದು ಬರೆದು ಎರಡೇ ಸ್ಟಾರ್ ಕೊಟ್ಟಿದ್ದಳು. ಆ ತಿಂಗಳು ಒಂದೇ ಒಂದು ಕೌದಿ ಹೋಗಿರಲಿಲ್ಲ. ಗಂಟು ಕಟ್ಟುವುದನ್ನು ಬಿಟ್ಟುಬಿಡಿ ಎಂದು ಮೇಘಾ ಕಾಲಿಗೆ ಬೀಳುವುದೊಂದು ಬಾಕಿ. ಸಿದ್ದಕ್ಕ ಬಿಟ್ಟಿರಲಿಲ್ಲ. ಆ ಬೈಗುಳದ ಒಂದೊಂದು ಮಾತೂ ಅವಳಿಗೆ ಬಾಯಿಪಾಠವಾಗಿತ್ತು, ಅಷ್ಟು ನೊಂದಿದ್ದಳು.

‘‘ಏನು ಬರೆದಿದ್ದಾರೆ?’’ ಎಂದ ವಿಶ್ವನಾಥ್.

‘‘ಮಾಟ ಮಾಡ್ತೀವಂತ ಬರದಾಳ್ರಿ,’’ ಎಂದಳು ಸಿದ್ದಕ್ಕ, ಒಂದಿಷ್ಟೂ ಅಳುಕದೆ. ಮೇಘಾ ಕಣ್ಣು ಮುಚ್ಚಿಕೊಂಡಳು.

ಅವನು ತನ್ನ ಕಂಪ್ಯೂಟರಿನಲ್ಲಿ ಹುಡುಕಿದ. ಅವನ ಕನ್ನಡಕದ ಗಾಜಿನ ಮೇಲೆ ಪರದೆಯ ಬೆಳಕು ಮೇಲಕ್ಕೂ ಕೆಳಕ್ಕೂ ಹರಿಯಿತು. ಆಮೇಲೆ ಅದು ನಿಂತಿತು. ಭುವನೇಶ್ವರಿ ಬೈಗುಳದ ಜೊತೆಗೆ ಒಂದು ಫೋಟೋವನ್ನೂ ಹಾಕಿದ್ದಳು. ಬಿಚ್ಚಿದ ಮೂಲೆ, ಅಂಗೈ ಮೇಲೆ ಕೆಂಪು ಚಿಂದಿ, ಚಿಂದಿಯ ಮೇಲೆ ಜೋಳ. ಅವನು ಮೂಗು ತಾಗುವಷ್ಟು ಹತ್ತಿರ ಬಗ್ಗಿ ಎಣಿಸಿದ. ‘‘ಐದಿದೆ,’’ ಎಂದ ತನ್ನಷ್ಟಕ್ಕೆ.

ಅದರ ಕೆಳಗೆ ಮೇಘಾ ಅಂದೇ ಬರೆದಿದ್ದ ಉತ್ತರವನ್ನೂ ಅವನು ಗಟ್ಟಿಯಾಗಿ ಓದಿದ. ‘ಇದು ಮಾಟವಲ್ಲ ಮೇಡಂ. ನಮ್ಮ ಪ್ರತಿಯೊಂದು ಕೌದಿಯ ಎಡಮೂಲೆಯಲ್ಲೂ ಹೀಗೆ ಐದು ಕಾಳು ಇಟ್ಟು ಹೊಲಿಯುತ್ತೇವೆ. ಇದು ಸಿದ್ದಕ್ಕನವರ ತವರಿನ ಪದ್ಧತಿ.’

‘‘ಇದು ಹನ್ನೊಂದು ತಿಂಗಳ ಹಿಂದಿಂದು,’’ ಎಂದ ವಿಶ್ವನಾಥ್. ಅವನ ದನಿಯಲ್ಲಿದ್ದ ಆಕಳಿಕೆ ಹೋಗಿತ್ತು.

‘‘ನಮ್ಮನ್ನ ಕಂಡ್ರ ಆಗದಾಕಿ ಬರದದ್ದು ಸಾಹೇಬ್ರ. ನಮ್ಮ ಪರವಾಗಿ ಸುಳ್ಳು ಹೇಳಾಕ ಆಕಿಗೇನು ಬಂದೈತಿ? ಆ ಮನಿಶ್ಯಾಗೂ ಹೇಳಿ ಕಳಸ್ರಿ. ಅವನ ಹಾಸಿಗಿ ಮ್ಯಾಲೆ ಇರೂ ಕೌದಿ ಎಡಮೂಲಿ ಒಮ್ಮೆ ಒತ್ತಿ ನೋಡ್ಲಿ.’’

ಕಂಪನಿಯವರು ಪರಮಾನಂದನನ್ನು ಏನು ಕೇಳಿದರೋ, ಅವನು ಏನು ಹೇಳಿದನೋ ವಠಾರದವರಿಗೆ ತಿಳಿಯಲಿಲ್ಲ. ಶನಿವಾರ ಬೆಳಿಗ್ಗೆ ವಿಶ್ವನಾಥ್ ತಾನೇ ಫೋನು ಮಾಡಿದ. ಮೇಘಾ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು. ದೂರು ಸುಳ್ಳೆಂದು ತೀರ್ಮಾನವಾಗಿತ್ತು. ಪರಮಾನಂದ ಹಣ ಕಟ್ಟಲು ಒಪ್ಪಿದ್ದ. ಅಂಗಡಿ ಉಳಿಯಿತು, ಹಸಿರು ಗುರುತೂ ಉಳಿಯಿತು.

ಶಿವಗಂಗಾ ಕಣ್ಣೊರೆಸಿಕೊಂಡಳು. ಲಕ್ಷ್ಮವ್ವ ತಾನು ಹೊಲಿಯುತ್ತಿದ್ದ ಸಾಲನ್ನು ಮುಗಿಸಿ ದಾರ ಕಡಿದಳು. ಸಿದ್ದಕ್ಕನಿಗೆ ಹೆಮ್ಮೆಯಾಯಿತು. ಹದಿನಾಲ್ಕು ವರ್ಷ ಆಕೆ ಹೊತ್ತ ಇಟ್ಟಿಗೆಯಲ್ಲಿ ಎಷ್ಟೋ ಮನೆಗಳೆದ್ದಿವೆ, ಒಂದರ ಮೇಲೂ ಅವಳ ಹೆಸರಿಲ್ಲ. ಇದು ಸಿದ್ದಕ್ಕನ ಕೈಯದು ಎಂದು ಒಂದು ದೊಡ್ಡ ಕಂಪನಿ ಒಪ್ಪಿಕೊಂಡದ್ದು ಇದೇ ಮೊದಲು.

‘‘ಆ ಕೌದಿ ವಾಪಸ್ ತರಿಸ್ಬೇಕಾ ಮೇಡಂ?’’ ಎಂದು ವಿಶ್ವನಾಥ್ ಕೇಳಿದ.

‘‘ಬ್ಯಾಡ್ರಿ. ಉಡಿ ತುಂಬಿ ಕಳಸಿದ್ದನ್ನ ಯಾಕ ತಿರುಗಿ ಕರಸೂದು? ಅಂವಾ ಹೊದ್ಕೊಳ್ಲಿ. ಮೂಲ್ಯಾಗಿನ ಗಂಟು ಕೈಗೆ ಹತ್ತಿದಾಗೊಮ್ಮೆ ನನ್ನ ನೆನಸ್ಲಿ.’’

ಅವನು ನಕ್ಕ. ಫೋನು ಇಡುವ ಮೊದಲು ಇನ್ನೊಂದು ಮಾತು ಹೇಳಿದ. ‘‘ನಿಮಗೆ ಸುಮ್ನೆ ತೊಂದ್ರೆ ಆಯ್ತು. ಅದಕ್ಕೆ ಕಂಪನಿ ಕಡೆಯಿಂದ ಒಂದು ಸಹಾಯ ಮಾಡ್ಬಹುದು. ಆ ಮಾಟದ ರಿವ್ಯೂ ಇದೆಯಲ್ಲ, ಎರಡು ಸ್ಟಾರಿಂದು, ಅದನ್ನ ಅಳಿಸ್ಬಿಡ್ತೀನಿ. ನಿಮ್ಮ ಅಂಗಡಿ ಕ್ಲೀನಾಗಿ ಕಾಣತ್ತೆ.’’

ಮೇಘಾಳ ಮುಖ ಅರಳಿತು. ಹನ್ನೊಂದು ತಿಂಗಳಿಂದ ಅವಳು ಬೇಡಿಕೊಂಡದ್ದು ಅದನ್ನೇ. ‘‘ಹ್ಞೂಂ ಅನ್ನಿ ಅಕ್ಕಾ,’’ ಎಂದು ಪಿಸುಗುಟ್ಟಿದಳು.

ಸಿದ್ದಕ್ಕ ಫೋನನ್ನು ಬಾಯಿಯ ಹತ್ತಿರ ಎಳೆದುಕೊಂಡಳು. ‘‘ಬೈದು ಹೇಳೋರು ಬದುಕಾಕ ಹೇಳ್ತಾರ, ನಕ್ಕು ಹೇಳೋರು ಕೆಡಾಕ ಹೇಳ್ತಾರ ಅಂತ ನಮ್ಮವ್ವ ಅಂತಿದ್ಲು ಸಾಹೇಬ್ರ. ಕೈಗುಣಕ್ಕ ನಮಸ್ಕಾರ ಅಂತ ಬರದಾವ ಬಂದು ಸಾಕ್ಷಿ ಹೇಳಿದ್ನೇನು? ಆಕಿ ಬರದದ್ದು ಅಲ್ಲೇ ಇರ್ಲಿ. ಆಗೂದಿದ್ರ ಎಲ್ಲಾದಕ್ಕಿಂತ ಮ್ಯಾಲೆ ಇಡ್ರಿ.’’