ಕರುವಿನ ಕಣ್ಣು

ನಮ್ಮತ್ತೆ ಗುರುಬಸಮ್ಮನವರು ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವವರು. ತೆಂಗಿನಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೂ ಒಡೆಯುವವರೆಗೆ ನಂಬುವುದಿಲ್ಲ. ಇಂಥವರು ನನ್ನ ಸೀಮಂತಕ್ಕೆ ಬಂದ ಕಸೂತಿಯನ್ನು ನಂಜನಗೂಡಿನ ಫ್ರೇಮ್ ಅಂಗಡಿಗೆ ಕೊಡುತ್ತಾರೆಯೇ? "ಅವ್ನು ಗೋಂದು ಬಳ್ದು ಬಟ್ಟೆ ಹಾಳ್ ಮಾಡ್ತಾನೆ. ಮನೇಲೇ ಹಾಕನ ಬಾ," ಎಂದರು.

ಕಸೂತಿ ಹಾಕಿ ಕಳಿಸಿದ್ದು ಚಿಕ್ಕತ್ತೆ ವನಜಾಕ್ಷಿ, ನನ್ನ ಗಂಡ ನಂಜೇಶನ ಚಿಕ್ಕಮ್ಮ, ಅತ್ತೆಯ ವಾರಗಿತ್ತಿ. ಒಂದು ಕಾಲದಲ್ಲಿ ಇಬ್ಬರೂ ಇದೇ ಮನೆಯಲ್ಲಿ ಒಂದೇ ಒಲೆಯ ಮುಂದೆ ಕೂತವರು. ಮನೆ ಭಾಗವಾದ ಮೇಲೆ ಚಿಕ್ಕತ್ತೆ ನರಸೀಪುರ ಸೇರಿದರು, ಹೋಗಿಬರುವುದು ಹಬ್ಬಕ್ಕೋ ಮದುವೆಗೋ ಅನ್ನುವಷ್ಟಕ್ಕೆ ಬಂತು. ಅವರಿಗೆ ಮಕ್ಕಳಿಲ್ಲ. ಬದನವಾಳಿನ ಖಾದಿಯ ಮೇಲೆ ಒಂದು ಹಸು ಕಣ್ಣು ಮುಚ್ಚಿ ತನ್ನ ಕರುವಿನ ಬೆನ್ನು ನೆಕ್ಕುತ್ತಿತ್ತು. ಕರು ಮಾತ್ರ ಎರಡೂ ಕಣ್ಣು ಅರಳಿಸಿ ನಮ್ಮನ್ನೇ ನೋಡುತ್ತಿತ್ತು. ಆ ಕಣ್ಣಿನ ಹೊಳಪು ಕಂಡು ನನಗಂತೂ ಜೀವ ತಂಪಾಗಿತ್ತು.

ಅಟ್ಟದಿಂದ ಹಳೇ ಫ್ರೇಮು ಇಳಿಸಿದೆವು. ನಾನು ಗಾಜು ಒರೆಸಿದೆ. ಅತ್ತೆ ಸೀರೆ ಡಬ್ಬದ ರಟ್ಟನ್ನು ಅಳತೆಗೆ ಕತ್ತರಿಸಿದರು. ಬಟ್ಟೆಯನ್ನು ರಟ್ಟಿನ ಮೇಲೆ ಬಿಗಿಯಾಗಿ ಎಳೆದು, ಹಿಂದುಗಡೆ ಈ ಅಂಚಿನಿಂದ ಆ ಅಂಚಿಗೆ ದಪ್ಪ ದಾರ ಹೆಣೆಯಬೇಕು, ಹಗ್ಗದ ಮಂಚ ಬಿಗಿದ ಹಾಗೆ. ಅದಕ್ಕೆಂದು ಬಟ್ಟೆಯನ್ನು ಬೋರಲು ಹಾಕಿದ್ದೇ ಅತ್ತೆಯ ಕೈ ನಿಂತುಹೋಯಿತು.

"ಇದೇನೇ ಅರ್ಪಿತ, ಕಣ್ಗೆ ಹಾಕಿರೋದು ದಾರ ಅಲ್ವಲ್ಲ?"

ನಾನು ಬಗ್ಗಿ ನೋಡಿದೆ. ಕಪ್ಪಗೆ, ನುಣ್ಣಗೆ, ಬಲು ತೆಳ್ಳಗೆ ಇತ್ತು. ಅತ್ತೆ ಒಂದು ತುದಿಯನ್ನು ಕತ್ತರಿಸಿ ಬೆಂಕಿಕಡ್ಡಿ ಗೀರಿ ಹಿಡಿದರು. ಚುರ್ರೆಂದು ಮುದುರಿಕೊಂಡಿತು. ಆ ವಾಸನೆ ಯಾರಿಗೂ ಹೇಳಿಕೊಡಬೇಕಾದ್ದಲ್ಲ.

"ಕೂದ್ಲು," ಎಂದರು ಅತ್ತೆ. "ವನಜನ ತಲೆ ಬೆಳ್ಳಗಾಗಿ ಯಾವ ಕಾಲ ಆಯ್ತು. ಈ ಕರೀ ಕೂದ್ಲು ಯಾರ್ದು?" ಅವರ ನೋಟ ಬಂದು ನನ್ನ ಜಡೆಯ ಮೇಲೆ ಕೂತಿತು.

ನಾನು ನಗಬೇಕಿತ್ತು. ಎಂ.ಕಾಂ. ಮಾಡಿದವಳು, ಮಾಟಮಂತ್ರ ಅಂದರೆ ಮೂಗು ಮುರಿಯುವವಳು. ನಗು ಬರಲಿಲ್ಲ. ಹೋದ ತಿಂಗಳು ನರಸೀಪುರಕ್ಕೆ ಹೋಗಿದ್ದಾಗ ಚಿಕ್ಕತ್ತೆ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಅದರಲ್ಲೇನಿದೆ, ಕೂದಲು ಕೊಟ್ಟು ಪಾತ್ರೆ ತೆಗೆದುಕೊಳ್ಳುವ ಹೆಂಗಸರೆಲ್ಲ ಹಾಗೇ ಎತ್ತಿಡುತ್ತಾರೆ. ಆದರೆ ಹೋದ ಸಲ ನನ್ನ ಬಸಿರು ನಿಲ್ಲಲಿಲ್ಲ. ಯಾಕೆ ಅಂತ ಡಾಕ್ಟರಿಗೂ ಹೇಳಲಾಗಲಿಲ್ಲ. ಕಾರಣ ಸಿಗದ ದುಃಖಕ್ಕೆ ಯಾರು ಯಾವ ಕಾರಣ ಕೊಟ್ಟರೂ ಸರಿಯೆನ್ನಿಸಿಬಿಡುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಚಿಕ್ಕತ್ತೆ ನನ್ನ ತಲೆ ಬಾಚಿದ್ರು," ಎಂದುಬಿಟ್ಟೆ.

ಅಷ್ಟು ಸಾಕಾಯಿತು. "ನಾನು ಅಂದ್ಕೊಂಡೆ! ಹೆತ್ತಿಲ್ದೋಳ ಹೊಟ್ಟೆಕಿಚ್ಚು ಕಣವ್ವ. ಬಸುರಿ ಕೂದ್ಲು ಹೊಲ್ದು, ಅದ ಬಸುರಿ ಮನೆ ಗೋಡೆಗೇ ತೂಗ್ಹಾಕಕ್ಕೆ ಕಳಿಸವ್ಳೆ." ಬ್ಲೇಡು ತಂದು ಕರುವಿನ ಕಣ್ಣುಗಳನ್ನು ಎಳೆಯೆಳೆಯಾಗಿ ಬಿಚ್ಚಿದರು. ಕೂದಲನ್ನು ಉಪ್ಪು, ಒಣಮೆಣಸಿನಕಾಯಿ ಜೊತೆ ನನಗೆ ನಿವಾಳಿಸಿ ನೀರೊಲೆಗೆ ಹಾಕಿದರು. ಘಾಟು ಹೊಡೆದು ಇಬ್ಬರೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸಿದೆವು. ಘಾಟು ಬಂದರೆ ದೃಷ್ಟಿ ಇಲ್ಲ ಅಂತ ಇದೇ ಅತ್ತೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅವತ್ತು ಅವರೂ ಅದನ್ನು ನೆನೆಸಿಕೊಳ್ಳಲಿಲ್ಲ, ನಾನೂ ನೆನಪಿಸಲಿಲ್ಲ.

ಆದರೆ ಮರುದಿನ ಸೀಮಂತಕ್ಕೆ ಚಿಕ್ಕತ್ತೆ ಬರುತ್ತಾರೆ, ಕಸೂತಿ ಗೋಡೆಯ ಮೇಲಿಲ್ಲದಿದ್ದರೆ ಕೇಳುತ್ತಾರೆ. ಅತ್ತೆ ಬಟ್ಟೆ ಹೊಲಿಯುವ ಕಪ್ಪು ದಾರದಲ್ಲೇ ಹೊಸ ಕಣ್ಣು ಹಾಕಿದರು. ಮುದುರಿದ ಬಟ್ಟೆ ಬಿಗಿಯಾಗಲೆಂದು ನೀರು ಚಿಮುಕಿಸಿ, ಎಳೆದು ಹೆಣೆದು, ಗಾಜು ಕೂರಿಸಿ, ಸಣ್ಣ ಮೊಳೆ ಹೊಡೆದರು. ಬೆಳಿಗ್ಗೆ ನೋಡಿದರೆ ದಾರ ಬಣ್ಣ ಬಿಟ್ಟು, ಕರುವಿನ ಎರಡೂ ಕೆನ್ನೆಯ ಮೇಲೆ ಕರೀ ಗೆರೆ ಇಳಿದಿತ್ತು. ಬಿಚ್ಚಿ ಸರಿಮಾಡಲು ಪುರಸೊತ್ತಿರಲಿಲ್ಲ, ಆಗಲೇ ನೆಂಟರು ಬರತೊಡಗಿದ್ದರು. "ಇರ್ಲಿ ಬಿಡು. ಅವ್ಳು ಬಳೆ ತೊಡ್ಸಕ್ಕೆ ಬಂದ್ರೆ ತಲೆಸುತ್ತು ಅಂತ ಎದ್ದೋಗು. ಮುಟ್ಟಿಸ್ಕೋಬ್ಯಾಡ," ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ನಾನು ಹೂಂ ಅಂದೆ.

ಚಿಕ್ಕತ್ತೆ ನರಸೀಪುರದ ಬಸ್ಸಿಳಿದು, ಬಾಳೆಲೆಯಲ್ಲಿ ಮಲ್ಲಿಗೆ ಮೊಗ್ಗು ಕಟ್ಟಿಕೊಂಡು ಬಂದರು. ಚಪ್ಪಲಿ ಬಿಟ್ಟವರೇ ನಡುಮನೆಯಲ್ಲಿ ಫ್ರೇಮಿನ ಮುಂದೆ ನಿಂತರು. ನಿಂತೇ ಇದ್ದರು. ಆಮೇಲೆ ನಾನಿದ್ದ ಕೋಣೆಗೆ ಬಂದರು. ಹಿಂದೆಯೇ ಅತ್ತೆ ಬಂದು ಬಾಗಿಲು ಮುಂದೆ ಮಾಡಿದರು.

"ಕಣ್ಣು ಬಿಚ್ಚಿದ್ರಾ ಅಕ್ಕ?"

"ಬಿಚ್ದೆ. ಯಾರ್ ಕೂದ್ಲು ಅದು? ಬಸವಣ್ಣನ ಮ್ಯಾಲಾಣೆ ಇಟ್ಟು ಹೇಳು."

ಚಿಕ್ಕತ್ತೆ ಆಣೆ ಇಡಲಿಲ್ಲ. ಚೀಲಕ್ಕೆ ಕೈ ಹಾಕಿ ಒಂದು ಚೌರಿ ತೆಗೆದರು, ನನ್ನ ಮೊಗ್ಗಿನ ಜಡೆಗೆಂದು ತಂದದ್ದು. ಉದ್ದಕ್ಕೆ, ಕಪ್ಪಗೆ, ಈಗ ತಾನೇ ಎಣ್ಣೆ ಸವರಿದಂತೆ ಮಿರಿಮಿರಿ ಮಿಂಚುತ್ತಿತ್ತು.

"ನಂಜೇಶನ ಹೆತ್ತಾಗ ಜ್ವರ ಬಂದು ನಿಮ್ಮ ತಲೆ ಬರಿದಾಯ್ತಲ್ಲ ಅಕ್ಕ, ನೆನಪಿದ್ಯಾ? ದಿನಾ ನಾನೇ ಬಾಚ್ತಿದ್ದೆ. ಉದುರಿದ್ದನ್ನ ನೀವು ನೋಡುದ್ರೆ ಅಳ್ತೀರ ಅಂತ ಸೆರಗಲ್ಲಿ ಬಚ್ಚಿಟ್ಕೋತಿದ್ದೆ. ಮುಡಿಗೆ ಸೇರಿಸ್ಕೊಳ್ಳಿ ಅಂತ ಚೌರಿ ಕಟ್ಟಿದ್ದೆ. ಕೊಡೋ ಹೊತ್ಗೆ ಮನೆ ಭಾಗ ಆಯ್ತು, ಮಾತು ಬಿಟ್ರಿ." ಚಿಕ್ಕತ್ತೆಯ ದನಿ ಏರಲಿಲ್ಲ. "ಕಪ್ಪು ದಾರ ನೀರು ಬಿದ್ರೆ ಬಣ್ಣ ಬಿಡ್ತದೆ. ಕೂದ್ಲು ಬಿಡಕಿಲ್ಲ. ಮಗೀನ ಅದ್ರಜ್ಜಿ ಕಣ್ಣೇ ಕಾಯ್ಲಿ ಅಂತ ಇದ್ರಲ್ಲೇ ನಾಕೆಳೆ ಕಿತ್ತು ಹೊಲ್ದೆ."

ಅತ್ತೆಯ ಕೈ ತಾನಾಗಿಯೇ ತಲೆಯ ಹಿಂದಕ್ಕೆ ಹೋಗಿ, ನಿಂಬೆಹಣ್ಣಿನಷ್ಟಿದ್ದ ತುರುಬನ್ನು ಮುಟ್ಟಿತು. ಹಾಗೇ ಮಂಚದ ಮೇಲೆ ಕೂತರು. ನನಗೆ ಅವರಿಗಿಂತ ಹೆಚ್ಚು ನಾಚಿಕೆಯಾಯಿತು. ಅತ್ತೆಗೆ ಅನುಮಾನ ಹುಟ್ಟುಗುಣ. ತಲೆ ಬಾಚಿದ್ದನ್ನು ನೆನಪು ಮಾಡಿಕೊಂಡು ಹೇಳಿದವಳು ನಾನು.

ಚಿಕ್ಕತ್ತೆ ಚೌರಿಯನ್ನು ಅತ್ತೆಯ ಮಡಿಲಿಗಿಟ್ಟರು. "ಜಡೆ ನೀವೇ ಹಾಕಿ ಅಕ್ಕ. ನಾನು ಮುಟ್ಟಕಿಲ್ಲ," ಎಂದು ಬಾಗಿಲ ಕಡೆ ತಿರುಗಿದರು.

ತಲೆಸುತ್ತು ಅಂತ ಎದ್ದುಹೋಗಬೇಕಾಗಿದ್ದ ನಾನು ಬಾಗಿಲಿಗೆ ಅಡ್ಡ ನಿಂತೆ. ಜಡೆ ಬಿಚ್ಚಿಕೊಂಡು, ಬಾಚಣಿಗೆಯನ್ನು ಅವರ ಕೈಗೆ ತುರುಕಿ, ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. "ಚಿಕ್ಕತ್ತೆ, ಸಿಕ್ಕಾಗಿದೆ. ನೀವೇ ಬಿಡಿಸ್ಬೇಕು," ಎಂದೆ.

ಚಿಕ್ಕತ್ತೆ ನನ್ನ ಹಿಂದೆ ಕೂತರು. ಆಮೇಲೆ ಬಾಚಣಿಗೆ ತಲೆಗೆ ತಾಗಿತು. ಮೊದಲಿನಷ್ಟೇ ಮೆಲ್ಲಗೆ, ನೋವಾಗದ ಹಾಗೆ ಸಿಕ್ಕು ಬಿಡಿಸಿದರು. ಉದುರಿದ ಕೂದಲನ್ನು ಬೆರಳಿಗೆ ಸುತ್ತಿದರು. ಅಭ್ಯಾಸದಂತೆ ಕೈ ಸೊಂಟದ ಕಡೆ ಹೋಯಿತು, ಅಲ್ಲೇ ನಿಂತಿತು. ಎದ್ದು ಹೋಗಿ ಆ ಉಂಡೆಯನ್ನು ಅತ್ತೆಯ ಅಂಗೈಯಲ್ಲಿಟ್ಟರು.

"ಪೂರ್ತಿ ಐತೆ ಅಕ್ಕ. ನೋಡ್ಕೊಳ್ಳಿ."

ಹಾಲಿಗೆ ಬೆರಳದ್ದಿ ನೋಡುವ ನಮ್ಮತ್ತೆ ಅದನ್ನು ನೋಡಲಿಲ್ಲ. ಮುಷ್ಟಿ ಮುಚ್ಚಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು. ಚಿಕ್ಕತ್ತೆ ಮರಳಿ ಬಂದು ನನ್ನ ಜಡೆ ಹೆಣೆದು ಮೊಗ್ಗು ಪೋಣಿಸತೊಡಗಿದರು. ಹೊರಗಿನಿಂದ ಬಳೆ ಶಾಸ್ತ್ರಕ್ಕೆ ಕೂಗಿದರು.

"ವನಜ, ಮೊದ್ಲು ನೀನೇ ತೊಡ್ಸು," ಎಂದರು ಅತ್ತೆ.

ಚಿಕ್ಕತ್ತೆ ಕೇಳಿಸಿಕೊಳ್ಳದವರ ಹಾಗೆ ನನ್ನ ಜಡೆಗೆ ಮೊಗ್ಗು ಪೋಣಿಸುತ್ತಲೇ ಇದ್ದರು.