ಬೊಳ್ಳ ಯಾರನ್ನು ಕರೆಯುತ್ತಿತ್ತು

ಠಾಣೆ ಶಹರದ ಆಫೀಸಿನಲ್ಲಿ ಇಡೀ ದಿನ ಟೈಪ್ ಕುಟ್ಟಿ, ಲೋಕಲ್ ಗಾಡಿಯಲ್ಲಿ ನಿಂತೇ ಬಂದು, ಠಾಕುರ್ಲಿ ಸ್ಟೇಷನ್ನಿನ ಹಳಿ ದಾಟುವ ಪುಲ್ ಹತ್ತಿ ಇಳಿದು, ಎರಡನೆಯ ಮಾಳಿಗೆಗೆ ಕಾಲೆಳೆದುಕೊಂಡು ಬಂದ ಜಲಜಾಕ್ಷಿಗೆ ಬೇಕಾಗಿದ್ದದ್ದು ಒಂದು ಲೋಟ ಕಾಫಿ. ಸಿಕ್ಕಿದ್ದು ಪಕ್ಕದ ಮನೆಯ ಮಹಾದೇವಕ್ಕ, ಅದೂ ಬಾಗಿಲಿಗೆ ಅಡ್ಡ ನಿಂತು.

"ಐತವಾರದೊಳಗ ಆ ನಾಯಿ ಎಲ್ಲಿಗರೆ ಸಾಗಹಾಕ್ರಿ. ನಮ್ಮನಿಯವರು ಹಾಸಿಗಿ ಹಿಡದು ಮೂರು ತಿಂಗಳಾತು. ಇದು ದಿನಾ ಗ್ವಾಡಿ ಆಚೆ ಕುಂತು ಊಳಿಡತೈತಿ. ಯಾರನ್ನ ಕರ್ಯಾಕತ್ತೈತಿ ಅಂತ ನನಗ ತಿಳಿಯೂದಿಲ್ಲೇನು?"

ನಾಯಿ ಊಳಿಟ್ಟರೆ ಅದರ ಕಣ್ಣಿಗೆ ಯಮ ಬಿದ್ದಿದ್ದಾನೆ ಎಂದು ನಂಬಿ ಕೂತವರಿಗೆ ಏನೆಂದು ಹೇಳುವುದು?

"ನಾನು ಇರುವಾಗ ಅದು ಒಂದು ಸ್ವರ ತೆಗೆಯುದಿಲ್ಲ ಅಕ್ಕಾ" ಎಂದಳು ಜಲಜಾಕ್ಷಿ. ಸುಳ್ಳೇನಲ್ಲ. ಆದರೆ ಮಹಾದೇವಕ್ಕನ ಮುಖ ನೋಡಿದರೆ ಅದು ಸುಳ್ಳೆಂದೇ ತೀರ್ಮಾನವಾಗಿತ್ತು.

ಒಳಗೆ ದಿನದ ಪಾಡೇ. ಹೊಸ್ತಿಲಲ್ಲಿ ಉಚ್ಚೆ, ಬಾಗಿಲ ಬುಡದಲ್ಲಿ ಉಗುರಿನ ಗೀರು, ಬೆಳಿಗ್ಗೆ ಇಟ್ಟ ಅನ್ನ ಇಟ್ಟ ಹಾಗೇ. ಅಗಿದು ಹಾಕಿದ ಚಪ್ಪಲಿಯೂ ಅವಳದೇ. ಅಮ್ಮ ಇರುವಷ್ಟು ದಿನ ಈ ನಾಯಿ, ಬೊಳ್ಳ, ಒಂದು ಗಳಿಗೆಯೂ ಒಂಟಿಯಾಗಿ ಇದ್ದದ್ದಿಲ್ಲ. ಅಮ್ಮ ದೀಪಾವಳಿಗೆ ಮೊದಲು ತೀರಿಕೊಂಡಳು. ಮುದ್ದು ಮಾಡಿ ತಲೆಯ ಮೇಲೆ ಕೂರಿಸಿದ್ದಕ್ಕೆ ಈ ಸೊಕ್ಕು ಎಂದುಕೊಂಡು ಜಲಜಾಕ್ಷಿ ಅಂದು ಪೊರಕೆ ತಿರುಗಿಸಿ ಹಿಡಿದು ಒಂದೇಟು ಬಾರಿಸಿಬಿಟ್ಟಳು. ಬೊಳ್ಳ ಓಡಲಿಲ್ಲ. ಹೊಡೆದವಳ ಕಾಲಿಗೇ ಬಂದು ಒತ್ತಿಕೊಂಡಿತು. ಅವಳಿಗೆ ನಾಚಿಕೆಯಾಯಿತು, ಅಳು ಬಂತು, ಸಾಕಾಗಿಯೂ ಹೋಯಿತು. ಮರುದಿನವೇ ವಿಠ್ಠಲವಾಡಿಯಲ್ಲಿ ಹೋಟೆಲು ಇಟ್ಟಿರುವ ಮೋಹನದಾಸನಿಗೆ ಹೇಳಿ ಕಳಿಸಿದಳು. ಹಿತ್ತಿಲಲ್ಲಿ ಕಟ್ಟಿ ಹಾಕಿಕೊಳ್ಳುತ್ತೇನೆ, ಐತವಾರ ಸಂಜೆ ತನ್ನಿ ಎಂದು ಅವನು ಒಪ್ಪಿಕೊಂಡ.

ಐತವಾರ ಬೆಳಿಗ್ಗೆ ಮಹಾದೇವಕ್ಕನ ಗಂಡ ವಿರುಪಾಕ್ಷಪ್ಪ ಅವಳನ್ನು ಕರೆಸಿದರು. ಕಲ್ಯಾಣದ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ದುಡಿದು ನಿವೃತ್ತರಾದವರು. ಈಗ ಮಂಚದ ಮೇಲಿನಿಂದಲೇ ಗಾಡಿಗಳ ಹಾಜರಿ ಹಾಕುತ್ತಿದ್ದರು.

"ತಂಗಿ, ಮೂವತ್ತು ವರ್ಷ ಗಾಡಿ ಸಪ್ಪಳ ಕೇಳೀನಿ. ಈಗ ನಿನ್ನ ನಾಯಿ ಕೇಳಾಕತ್ತೀನಿ. ನೀ ಕೀಲಿ ಹಾಕಿ ಇಳದಿ ಅಂದ್ರ ಬಾಗಲಾ ಕೆರೀತೈತಿ. ಏಳು ಹನ್ನೆರಡರ ಗಾಡಿ ಬಿಟ್ಟಿತಂದ್ರ ಊಳು ಶುರು. ಸಂಜಿಗೆ ಆರು ಇಪ್ಪತ್ತರದು ಬಂತಂದ್ರ ಗಪ್! ನೀ ಇನ್ನೂ ಪುಲ್ ಮ್ಯಾಲ ಇರ್ತಿ. ಐತವಾರ ನೀ ಮನ್ಯಾಗ ಇರ್ತಿ, ಸಪ್ಪಳೇ ಇಲ್ಲ. ಯಮಗ ಐತವಾರ ಸೂಟಿ ಇರತೈತೇನು?" ಉಸಿರು ಎಳೆದುಕೊಂಡರು. "ಅದು ಕರಿಯೂದು ನಿನ್ನ. ಸೊಕ್ಕಲ್ಲ ಅದು, ಅಂಜಿಕಿ. ಹೋದಾಕಿ ತಿರುಗಿ ಬರ್ತಾಳೋ ಇಲ್ಲೋ ಅಂತ. ನಿಮ್ಮವ್ವ ಬರಲಿಲ್ಲಲ್ಲ."

ಜಲಜಾಕ್ಷಿಗೆ ಪೊರಕೆಯ ಏಟು ನೆನಪಾಗಿ ತಲೆ ತಗ್ಗಿತು.

"ನಾಳಿಂದ ಇಲ್ಲೆ ಬಿಟ್ಟು ಹೋಗು. ನನ್ನ ಮಂಚದ ಬುಡಕ ಬಿದ್ದಿರಲಿ."

ಮಹಾದೇವಕ್ಕ ಹಣೆ ಹಣೆ ಚಚ್ಚಿಕೊಂಡರು. "ಹೊರಗ ಕುಂತು ಕರದಿದ್ದು ಸಾಲದಂತ ಒಳಗಽ ತಂದು ಕುಂಡರಸ್ರಿ!"

ಸೋಮವಾರ ಬೊಳ್ಳ ಎರಡು ಸಲ ಕುಂಯ್‌ಗುಟ್ಟಿ ಮಂಚದ ಕೆಳಗೆ ಮಲಗಿತು. ಮಂಗಳವಾರ ಅದೂ ಇಲ್ಲ. ಅನ್ನ ಖಾಲಿಯಾಗತೊಡಗಿತು, ಜಲಜಾಕ್ಷಿಯ ಚಪ್ಪಲಿಗೆ ಆಯಸ್ಸು ಬಂತು. ಮೊದಲ ವಾರ ನಾಯಿಯ ತಟ್ಟೆಯನ್ನು ಕಾಲಿನಿಂದ ತಳ್ಳುತ್ತಿದ್ದ ಮಹಾದೇವಕ್ಕ, ಮೂರನೆಯ ವಾರಕ್ಕೆ ಹಾಲಿಗೆ ರೊಟ್ಟಿ ಮುರಿದು ಹಾಕುವಷ್ಟಕ್ಕೆ ಬಂದರು, ಬೈಯುತ್ತಲೇ. ವಿಠ್ಠಲವಾಡಿಯ ಮಾತು ಯಾರೂ ಮತ್ತೆ ಎತ್ತಲಿಲ್ಲ.

ಐದನೆಯ ವಾರ, ಒಂದು ಮಧ್ಯಾಹ್ನ, ಆಫೀಸಿಗೆ ಫೋನ್ ಬಂತು. ಊಟ ಮಾಡಿ ಮಲಗಿದ ವಿರುಪಾಕ್ಷಪ್ಪ ಏಳಲಿಲ್ಲವಂತೆ. ಜಲಜಾಕ್ಷಿ ಓಡಿ ಬರುವಾಗ ಮೆಟ್ಟಿಲ ತುಂಬ ಜನ. ಬೊಳ್ಳ ಮಂಚದ ಕೆಳಗೆ ಮುಂಗಾಲಿನ ಮೇಲೆ ಗದ್ದ ಇಟ್ಟು ಮಲಗಿತ್ತು. ಮಹಾದೇವಕ್ಕ ಅದನ್ನೇ ನೋಡುತ್ತಿದ್ದರು.

"ಒಂದ ಸಲನೂ ಕೂಗಲಿಲ್ರೀ. ಯಮ ಬಂದು ಕರಕೊಂಡು ಹೋದ, ಇದು ಸುಮ್ಮನಽ ಕುಂತಿತ್ತು."

ಅದಕ್ಕೆ ಯಾಕೆ ಕೂಗಬೇಕು, ಒಂಟಿಯಾಗಿ ಇರಲಿಲ್ಲವಲ್ಲ ಎಂದು ಜಲಜಾಕ್ಷಿಗೆ ಅನ್ನಿಸಿತು. ಹೇಳುವ ಹೊತ್ತಲ್ಲವೆಂದು ಮಹಾದೇವಕ್ಕನ ಪಕ್ಕ ಹೋಗಿ ಕೂತಳು.

ಊರಿನಿಂದ ಬಂದ ನೆಂಟರು ಕಾರ್ಯ ಮುಗಿಸಿ ಐತವಾರ ಗದಗಿಗೆ ಹೊರಟು ಹೋದರು. ಸೋಮವಾರ ಬೆಳಿಗ್ಗೆ, ಸಾವಾದ ಮನೆಗೆ ನಾಯಿ ಒಪ್ಪಿಸಲು ಬಾಯಿ ಬಾರದೆ, ಅಲ್ಲಿಯವರೆಗೆ ರಜೆಯ ಮೇಲಿದ್ದ ಜಲಜಾಕ್ಷಿ ಬೊಳ್ಳನನ್ನು ತನ್ನ ಮನೆಯಲ್ಲೇ ಕೂಡಿ ಹಾಕಿ ಇಳಿದಳು. ಕೊನೆಯ ಮೆಟ್ಟಿಲಿಗೆ ಬಂದಾಗ ಕೇಳಿತು, ಈ ಸಲ ಗಾಡಿ ಬಿಡುವವರೆಗೂ ಕಾಯದೆ ಎದ್ದ, ಅವಳು ಇಷ್ಟು ದಿನ ಕೇಳಿರದ ಆ ಕೂಗು. ಆಗಲೇ ಮೇಲಿನಿಂದ ಇನ್ನೊಂದು ದನಿ ಬಂತು.

"ಜಲಜಾಬಾಯಿ! ಕೀಲಿಕೈ ಕೊಟ್ಟು ಹೋಗ್ರಿ!"

ನೋಯುವ ಕಾಲಿನಲ್ಲಿ ಮತ್ತೆ ಎರಡು ಮಾಳಿಗೆ ಹತ್ತಿದಳು. ಏಳು ಹನ್ನೆರಡರ ಲೋಕಲ್ ಅಂತೂ ಹೋಯಿತು. ಮಹಾದೇವಕ್ಕ ಅವಳ ಮುಖ ನೋಡದೆ ಕೀಲಿಕೈ ಇಸಕೊಂಡರು.

"ಸಂಜಿಗೆ ಆರು ಇಪ್ಪತ್ತರ ಗಾಡಿಗೇ ಬರ್ತೀರಲ್ಲ?"

"ಬರ್ತೇನೆ ಅಕ್ಕಾ."

ಒಂದು ಮಾಳಿಗೆ ಇಳಿದಿದ್ದಳು, ಮೇಲಿನಿಂದ ಮತ್ತೆ ಅದೇ ದನಿ. "ತಡಾ ಮಾಡಬ್ಯಾಡ್ರಿ ಮತ್ತ."

"ಇಲ್ಲ ಅಕ್ಕಾ."

ಇನ್ನೊಂದು ಮಾಳಿಗೆ ಇಳಿದಳು. ನಾಯಿ ಆಗಲೇ ಸುಮ್ಮನಾಗಿತ್ತು. "ಆರು ಇಪ್ಪತ್ತು ಅಂದ್ರಿ, ಹೌದಲ್ಲ?"

ಈ ಕೂಗು ಯಾರನ್ನು, ಯಾಕೆ ಕರೆಯುತ್ತಿದೆಯೆಂದು ಈ ಸಲ ಜಲಜಾಕ್ಷಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.