ಪಾಮಿನ ಸುಳಿ

ಇಳಕಲ್ಲಿನ ಆ ಮನೆಯಲ್ಲಿ ಇಬ್ಬರು ನೆಗೆಣ್ಣಿಯರು. ಹಿರಿಯಳು ಸಾವಿತ್ರೆವ್ವ, ಗಂಡ ಅಮಾತೆಪ್ಪನನ್ನು ಕಳೆದುಕೊಂಡವಳು. ಕಿರಿಯಳು ದಾನೇಶ್ವರಿ, ಅಮಾತೆಪ್ಪನ ತಮ್ಮ ಸುನೀಲಕುಮಾರನ ಹೆಂಡತಿ. ಗುಡೂರಿನವಳು, ತೋಟಗಾರಿಕೆ ಡಿಪ್ಲೊಮಾ ಮಾಡಿದ್ದಳು.

ಅಂಗಳದಲ್ಲಿ ಅಮಾತೆಪ್ಪ ನೆಟ್ಟ ಪಾಮ್ ಗಿಡವಿತ್ತು. ಸಾವಿತ್ರೆವ್ವ ಪಲ್ಯದ ಸೊಪ್ಪು ಸೋಸುವುದು, ಶೇಂಗಾ ಸುಲಿಯುವುದು, ಅಳುವುದು ಎಲ್ಲ ಅದಕ್ಕೆ ಬೆನ್ನು ಕೊಟ್ಟೇ. ದಾನೇಶ್ವರಿಯ ಯುಕ್ಕಾ ಎಂಬ ಮೊನಚು ಎಲೆಯ ಶೋ ಗಿಡ ಮಾತ್ರ ಹಿತ್ತಲಿನಲ್ಲಿ, ಒಡಕು ಕುಂಡದಲ್ಲಿ. "ಎಲಿ ಅಲ್ಲ ಅವು, ಕತ್ತಿ. ಬಂದವರ ಕಣ್ಣಾಗ ಚುಚ್ಚ್ಯಾವು" ಎಂದು ಸಾವಿತ್ರೆವ್ವನೇ ಹಿಂದಕ್ಕೆ ಹಾಕಿಸಿದ್ದಳು.

ಶ್ರಾವಣದ ಒಂದು ಸೋಮವಾರ ಸಾವಿತ್ರೆವ್ವನ ಕಡೆಯ ಬೀಗರನ್ನು ಊಟಕ್ಕೆ ಕರೆದಿದ್ದರು. ದಾನೇಶ್ವರಿ ಹೋಳಿಗೆ ತಟ್ಟುತ್ತಿದ್ದಾಗ ಅವಳ ಫೋನು ರಿಂಗಾಯಿತು. ಕೈಯೆಲ್ಲ ಹಿಟ್ಟು. ಎತ್ತಿದವಳು ಸಾವಿತ್ರೆವ್ವ. ಗುಡೂರಿನಿಂದ ಹೇಳುತ್ತಿದ್ದರು: ದಾನೇಶ್ವರಿಯ ಅವ್ವನ ಜೀವ ಹೋಗುತ್ತಿದೆ, ಮಗಳ ಹೆಸರು ಹಿಡಿದು ಕರೆಯುತ್ತಿದ್ದಾಳೆ, ಬೇಗ ಕಳಿಸಿರಿ.

"ಯಾರರಿ?" ಎಂದಳು ದಾನೇಶ್ವರಿ.

"ರಾಂಗ್ ನಂಬರ್. ಹೋಳಿಗಿ ನೋಡು, ಹೊತ್ತೀತು."

ಪಂಕ್ತಿ ಎದ್ದು, ಬೀಗರು ಹೋಗಿ, ಪಾತ್ರೆಗಳೆಲ್ಲ ತೊಳೆದಾದ ಮೇಲೆ ಸಾವಿತ್ರೆವ್ವ ಆ ಫೋನಿನ ಸುದ್ದಿ ಹೇಳಿದಳು. ದಾನೇಶ್ವರಿ ಗುಡೂರು ಮುಟ್ಟುವಷ್ಟರಲ್ಲಿ ಅವ್ವನ ಹೆಣಕ್ಕೆ ವಿಭೂತಿ ಹಚ್ಚಿ ಗೋಡೆಗೆ ಕೂರಿಸಿದ್ದರು.

ತಿರುಗಿ ಬಂದವಳು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಸುನೀಲಕುಮಾರ "ದೊಡ್ಡ ಮನಸ್ಸು" ಎಂದ.

ಬೇಸಿಗೆಯಲ್ಲಿ ಪಾಮಿನ ಗರಿ ಕರೆಂಟಿನ ತಂತಿಗೆ ತಾಗಿ ಕಿಡಿ ಹಾರಿತು. ಲೈನ್‌ಮನ್ ಯಂಕಪ್ಪ ಬಂದು, "ಏನರ ಮಾಡ್ರಿ ಯವ್ವಾ, ಮನಿ ಸುಟ್ಟೀತು" ಎಂದ. ಸಾವಿತ್ರೆವ್ವ ದಾನೇಶ್ವರಿಯನ್ನು ಕರೆದುಕೊಂಡು ಹಿತ್ತಲಿಗೆ ನಡೆದಳು. ಹಿಂದಿನ ವರ್ಷ ದಾನೇಶ್ವರಿ ತಲೆ ಕತ್ತರಿಸಿದ್ದ ಯುಕ್ಕಾ ಈಗ ಮೂರು ತಲೆ ಬಿಟ್ಟು ಪೊದೆಯಾಗಿ ನಿಂತಿತ್ತು.

"ನನ್ನ ಗಿಡದ ತಲಿ ತಗದ್ರೂ ಹಿಂಗ ಚಿಗೀತದೇನ? ತೆಂಗಿನ ಸುಳಿ ಹೋದ್ರ ಗಿಡಾನ ಹೋಗ್ತದಂತಾರ."

ಪಾಮಿಗೂ ತೆಂಗಿನ ಹಾಗೆ ಇರುವುದು ಒಂದೇ ಸುಳಿ. ಯುಕ್ಕಾದ ಕಾಂಡದಲ್ಲಾದರೆ ಮಲಗಿದ ಮೊಗ್ಗುಗಳಿರುತ್ತವೆ, ತಲೆ ಹೋದರೆ ಅವು ಏಳುತ್ತವೆ. ದಾನೇಶ್ವರಿಗೆ ಇದು ಚೆನ್ನಾಗಿ ಗೊತ್ತಿತ್ತು.

"ತೆಂಗಿನ ಮಾತು ಬ್ಯಾರೆರಿ ಅಕ್ಕಾರ. ಇವೆರಡೂ ಶೋ ಗಿಡ, ಒಂದ ಜಾತಿ. ಬೋಳು ಕಾಂಡ, ತಲಿ ಮ್ಯಾಲ ಎಲಿ. ನೋಡ್ರಿಲ್ಲೆ, ಒಂದು ಹೋಗಿ ಮೂರು ಬಂದಾವ."

"ನೀ ಓದಿದಾಕಿ. ಖರೆ ಹೇಳು."

"ಖರೆನ."

ಯಂಕಪ್ಪ ಕೊಡಲಿ ಹಿಡಿದು ಏರಿದ. ಏಣಿ ಹಿಡಿದವಳು ದಾನೇಶ್ವರಿ. ಬೆಣ್ಣೆಯಂಥ ಬಿಳಿ ಸುಳಿ ಅಂಗಳಕ್ಕೆ ಬಿತ್ತು.

ಅಂದಿನಿಂದ ಸಾವಿತ್ರೆವ್ವ ಬೆಳಗಾದರೆ ಬುಡಕ್ಕೆ ನೀರು ಹಾಕಿ ಮೇಲೆ ನೋಡುತ್ತಿದ್ದಳು. "ಯಾವಾಗ ಚಿಗೀತದ?" ಎಂದು ಕೇಳುತ್ತಿದ್ದಳು. "ತಡೀರಿ, ಮಳಿ ಆಗ್ಲಿ" ಎನ್ನುತ್ತಿದ್ದಳು ದಾನೇಶ್ವರಿ. ಆ ಪ್ರಶ್ನೆಗಾಗಿ ಆಕೆ ಕಾಯುತ್ತಿದ್ದಳೆಂದರೂ ಸರಿ.

ಮಳೆಯಾಯಿತು. ಕಾಂಡ ಕೊಳೆತು ನಾರತೊಡಗಿತು. ಸಾವಿತ್ರೆವ್ವ ಒತ್ತಿ ನೋಡಿದಾಗ ಬೆರಳುಗಳು ಒಳಗೇ ಹೋದವು.

"ನಿನಗ ಗೊತ್ತಿತ್ತು," ಎಂದಳು.

"ಹೂಂ."

"ಬೀಗರ ಮುಂದ ಮರ್ಯಾದಿ ಹೋಗಬಾರ್ದಂತ ಅವತ್ತ ಹೇಳಲಿಲ್ಲ. ಅಷ್ಟಕ್ಕ, ನಮ್ಮ ಮನಿಯವರು ಹಚ್ಚಿದ ಗಿಡಾ..."

"ಅಷ್ಟಕ್ಕ ಅಂದ್ರ? ನನ್ನವ್ವ ನನ್ನ ಕರೀಕೊಂತ ಸತ್ಲು."

ಸಾವಿತ್ರೆವ್ವ ಕೊಡಲಿ ತೆಗೆದುಕೊಂಡು ಹಿತ್ತಲಿಗೆ ಓಡಿದಳು. ಮೂರೂ ತಲೆಗಳನ್ನು ಕಡಿದಳು. ಎಲೆಯ ಮೊನೆಗಳು ಗೀರಿ ತೋಳಿನಲ್ಲಿ ರಕ್ತ ಬಂತು. ದಾನೇಶ್ವರಿ ತಡೆಯಲಿಲ್ಲ, ಬಾಗಿಲಲ್ಲಿ ನಿಂತು ನೋಡಿದಳು.

"ಕಡೀರಿ, ಕಡೀರಿ. ನಂದು ಬುಡದಾಗಿಂದ ಮತ್ತ ಬರ್ತದ. ನಿಮ್ಮದು ಬರೂದಿಲ್ಲ."

ಕೊಡಲಿ ಕೈಯಿಂದ ಜಾರಿತು. ಸಾವಿತ್ರೆವ್ವ ಕಡಿದ ಎಲೆಗಳ ನಡುವೆಯೇ ಕುಳಿತುಬಿಟ್ಟಳು.

ದಾನೇಶ್ವರಿ ಒಳಗೆ ಹೋಗಿ ರೊಟ್ಟಿಗೆ ಎಸರಿಟ್ಟಳು. ಅಂಗಡಿಯಿಂದ ಬಂದ ಸುನೀಲಕುಮಾರ ತಟ್ಟೆಯ ಮುಂದೆ ಕುಳಿತು, "ವೈನಿ ಊಟಾ ಮಾಡಿದ್ರೇನ?" ಎಂದು ಅತ್ತಿಗೆಯ ಬಗ್ಗೆ ಕೇಳಿದ.

"ಹಸಿವಿಲ್ಲಂತ," ಎಂದಳು. ಸಾವಿತ್ರೆವ್ವನನ್ನು ಆಕೆ ಕೇಳಿರಲೇ ಇಲ್ಲ.